ಹಿತ್ತಲ ಅಟ್ಟಣೆಗೆ ಎಷ್ಟು ಮರ ಬೇಕು?

ಅಡಿಕೆ ಕೊಯ್ಲಿನ ಕಾಲ ಹತ್ತಿರವಾದಂತೆ ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಗೊಬ್ಬರ, ಔಷಧಿ, ಸಾಲಗಳ ಮಾತು ಮುಗಿದ ಮೇಲೆ ಹೊರಡುವ ಮುನ್ನ ಕೇಳುವ ಪ್ರಶ್ನೆಯೊಂದಿದೆ. "ಕಾರ್ಯದರ್ಶಿಗಳೇ, ಹಿತ್ತಲಲ್ಲಿ ಒಂದು ಅಟ್ಟಣೆ ಹಾಕಿಸೋಣ ಅಂತಿದ್ದೀನಿ. ಹದಿನಾರಡಿ ಉದ್ದ, ಹನ್ನೆರಡಡಿ ಅಗಲ. ಎಷ್ಟು ಮರ ಬೇಕಾದೀತು?" ಬಿಳಿಗೆರೆ ಸುತ್ತಿನಿಂದಲೂ ತಿರುಮಕೂಡಲು ನರಸೀಪುರದ ಕಡೆಯಿಂದಲೂ ಈ ಪ್ರಶ್ನೆ ಬರುತ್ತಿರುವುದರಿಂದ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲರಿಗೂ ಉಪಯೋಗವಾಗುವಂತೆ ಇಲ್ಲಿ ಬರೆಯುವುದು ಲೇಸೆಂದು ತೋರಿತು.

ಅಟ್ಟಣೆ ಎಂದರೆ ನೆಲದಿಂದ ಎರಡು ಮೂರು ಅಡಿ ಮೇಲೆ ಕಂಬಗಳ ಮೇಲೆ ನಿಲ್ಲಿಸಿದ ಮರದ ಜಗಲಿ. ಮಲೆನಾಡಿನಲ್ಲಿ ಅಡಿಕೆ ಬೆಳೆಗಾರರ ಮನೆ ಮುಂದೆ ಇರುವ 'ಅಟ್ಟ'ವೂ ಇದೇ ಜಾತಿಯದು. ಸುಗ್ಗಿಯಲ್ಲಿ ಅಡಿಕೆ, ಕಾಫಿ, ಮೆಣಸು ಒಣಗಿಸಲು ಬರುತ್ತದೆ. ಬೇಸಗೆಯ ಸಂಜೆ ಮನೆಯವರು ಕೂರಲು, ಮಲಗಲು ಬರುತ್ತದೆ. ಹಣ್ಣಡಿಕೆಯನ್ನು ಚಾಲಿ ಮಾಡಲು ಬಿಸಿಲಿನಲ್ಲಿ 35ರಿಂದ 40 ದಿನ ಒಣಗಿಸಬೇಕು. ನಮ್ಮ ಸೀಮೆಯಲ್ಲಿ ಹಿಂಗಾರು ಮಳೆ ಅಕ್ಟೋಬರಿನಲ್ಲಿ ಜೋರು. ನವೆಂಬರಿನಲ್ಲಿಯೂ ಒಂದೆರಡು ಸಲ ಬಂದು ಹೋಗುವುದುಂಟು. ಅಂಥ ದಿನಗಳಲ್ಲಿ ಹಸಿ ನೆಲದ ಮೇಲೆ ಹರಡಿದ ಅಡಿಕೆಗೆ ಬೂಷ್ಟು ಹಿಡಿಯುತ್ತದೆ, ಒಳಗಿನ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಕೆಳಗಿನಿಂದ ಗಾಳಿಯಾಡುವ ಅಟ್ಟಣೆಯ ಮೇಲಿದ್ದರೆ ಟಾರ್ಪಾಲು ಮುಚ್ಚಿ ಕಾಪಾಡಬಹುದು. ಆದುದರಿಂದ ಅಟ್ಟಣೆ ಶೋಕಿಗಲ್ಲ, ಬೆಳೆಯ ರಕ್ಷಣೆಗೆ.

ಅರ್ಧ ಲೆಕ್ಕದ ಅಪಾಯ

ಮರದ ಅಂದಾಜು ತಪ್ಪುವುದು ಕೂಡುವ ಕಳೆಯುವ ಲೆಕ್ಕದಲ್ಲಲ್ಲ, ಯಾವುದನ್ನು ಎಣಿಸಬೇಕು ಎಂಬುದರಲ್ಲಿ. ಸದಸ್ಯರೊಬ್ಬರು 16 ಅಡಿಗೆ 12 ಅಡಿ, ಒಟ್ಟು 192 ಚದರಡಿ, ಒಂದಿಂಚು ದಪ್ಪದ ಹಲಗೆ, ಹನ್ನೆರಡರಿಂದ ಭಾಗಿಸಿದರೆ 16 ಘನ ಅಡಿ ಎಂದು ಲೆಕ್ಕ ಹಾಕಿ ಅಷ್ಟೇ ನಾಟಾ ತಂದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಹಲಗೆಯ ಕೆಳಗೆ ಜಂತೆ ಬೇಕು, ಜಂತೆಯ ಕೆಳಗೆ ತೊಲೆ ಬೇಕು, ತೊಲೆಯ ಕೆಳಗೆ ಕಂಬ ಬೇಕು. ಆಚಾರಿ ಕೆಲಸ ನಿಲ್ಲಿಸಿದರು. ಎರಡನೆಯ ಸಲ ಮರ ಬರುವ ಹೊತ್ತಿಗೆ ಕೊಯ್ಲು ಆಗಿ, ಅಡಿಕೆ ನೆಲಕ್ಕೆ ಬಿದ್ದು, ಮಳೆಯೂ ಬಂದಿತ್ತು. ಇನ್ನು ಕೆಲವರದು ಇದಕ್ಕೆ ವಿರುದ್ಧ. ಸಾಲದೆ ಹೋದೀತೆಂಬ ಭಯದಿಂದ ತೋಟದ ಮರವನ್ನು ಅಂದಾಜಿಲ್ಲದೆ ಕಡಿಸುತ್ತಾರೆ. ಹೆಚ್ಚಾದ ದಿಮ್ಮಿ ಕೊಟ್ಟಿಗೆಯ ಪಕ್ಕದಲ್ಲಿ ಬಿದ್ದು ಗೆದ್ದಲಿಗೆ ಆಹಾರವಾಗುತ್ತದೆ. ಕೊಂಡ ಹಲಗೆ ಹೆಚ್ಚಾದರೆ ಮಾರಬಹುದು. ಕಡಿದ ಮರವನ್ನು ಮತ್ತೆ ನಿಲ್ಲಿಸಲಾಗುವುದಿಲ್ಲ.

ಆದ್ದರಿಂದ ನಾವು ಹೇಳುವುದು ಇಷ್ಟೆ: ಚದರಡಿಯ ಲೆಕ್ಕವನ್ನು ಮನಸ್ಸಿಗೆ ಒಂದು ಅಂದಾಜಿಗಾಗಿ ಮಾತ್ರ ಇಟ್ಟುಕೊಳ್ಳಿ. ಮರ ಕಡಿಯುವುದಕ್ಕೂ ಹಣ ಕೊಡುವುದಕ್ಕೂ ಮೊದಲು ಕಾಗದದ ಮೇಲೆ ಅಟ್ಟಣೆಯನ್ನು ಬರೆದು, ಕೆಳಗಿನಿಂದ ಮೇಲಕ್ಕೆ ತುಂಡು ತುಂಡಾಗಿ ಎಣಿಸಿ.

ಮೊದಲು ಅಟ್ಟಣೆಯ ಅಳತೆ

ಎಷ್ಟು ದೊಡ್ಡ ಅಟ್ಟಣೆ ಬೇಕೆಂಬುದನ್ನು ನಿಮ್ಮ ಬೆಳೆಯೇ ಹೇಳಬೇಕು. ನಾಲ್ಕು ರೀಪು ಪಟ್ಟಿಗಳಿಂದ ಒಂದಡಿ ಚೌಕದ ಚೌಕಟ್ಟು ಮಾಡಿ ನೆಲದ ಮೇಲಿಡಿ. ಅದರೊಳಗೆ ಅಡಿಕೆಯನ್ನು ಒಂದೇ ಪದರವಾಗಿ ಹರಡಿ, ತೆಗೆದು ತೂಗಿ. ಒಂದು ಕೊಯ್ಲಿನ ಒಟ್ಟು ತೂಕವನ್ನು ಅದರಿಂದ ಭಾಗಿಸಿದರೆ ಎಷ್ಟು ಚದರಡಿ ಬೇಕೆಂಬುದು ತಿಳಿಯುತ್ತದೆ. ಮೊದಲ ಕೊಯ್ಲು ಒಣಗಿ ಎತ್ತುವ ಮುಂಚೆ ಎರಡನೆಯ ಕೊಯ್ಲು ಬರುವುದಾದರೆ ಅದನ್ನೂ ಸೇರಿಸಬೇಕು. ಎಲ್ಲಕ್ಕೂ ಅಟ್ಟಣೆ ಹಾಕಲು ಆಗದಿದ್ದರೆ, ಮಳೆಯ ಅಂಜಿಕೆಯಿರುವ ಮೊದಲ ಕೊಯ್ಲಿಗಾದರೂ ಸಾಕಾಗುವಷ್ಟು ಮಾಡಿಕೊಳ್ಳುವುದು ಜಾಣತನ.

ಎತ್ತರವನ್ನು ಎರಡೂವರೆ ಅಡಿ ಇಟ್ಟುಕೊಂಡರೆ ನಿಂತೇ ಅಡಿಕೆ ಆಡಿಸಬಹುದು, ಕೆಳಗೆ ಗುಡಿಸಬಹುದು. ಹೊಳೆಯ ಅಂಚಿನಲ್ಲಿ ಇರುವವರು ನೀರಿನ ಗುರುತನ್ನು ನೋಡಿಕೊಂಡು ಜಾಗ ಆರಿಸಬೇಕು. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ.

ಇನ್ನು ಭಾರ. ಅಡಿಕೆಯ ಭಾರಕ್ಕಿಂತ ಮನುಷ್ಯರ ಭಾರ ಹೆಚ್ಚು. ಒಂದು ಪದರ ಅಡಿಕೆಯನ್ನು ಯಾವ ಚಪ್ಪರವಾದರೂ ಹೊರುತ್ತದೆ. ಹಬ್ಬದ ದಿನ ನೆಂಟರಿಷ್ಟರೆಲ್ಲ ಹತ್ತಿ ಕುಳಿತಾಗ ತೊಂದರೆ. ಮನೆಯ ನೆಲಕ್ಕೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಎಂದರೆ ಸುಮಾರು 200 ಕಿಲೋ ಭಾರ ಹಿಡಿಯಬೇಕೆಂದು ಭಾರತೀಯ ಮಾನಕ ಐ.ಎಸ್. 875 ಹೇಳುತ್ತದೆ. ಚದರಡಿಗೆ ಇದು ಸುಮಾರು 19 ಕಿಲೋ. 192 ಚದರಡಿಗೆ ಮೂರೂವರೆ ಟನ್ನಿಗೂ ಮೇಲೆ. ಮನೆಯವರು ಹತ್ತುವ ಅಟ್ಟಣೆಯನ್ನು ಇದೇ ಲೆಕ್ಕದಲ್ಲಿ ಕಟ್ಟತಕ್ಕದ್ದು. ಕೆಳಗೆ ಕೊಟ್ಟಿರುವ ಅಳತೆಗಳು ಇದಕ್ಕೆ ಹೊಂದುವಂತಿವೆ. ಆದರೂ ನಿಮ್ಮ ಮರದ ಜಾತಿ ಹೇಳಿ ಅನುಭವಸ್ಥ ಆಚಾರಿಯನ್ನು ಒಮ್ಮೆ ಕೇಳುವುದು ಒಳ್ಳೆಯದು.

ಕಂಬ

ನಮ್ಮ ಕಡೆಗೆ ಕಲ್ಲಿನ ಕೊರತೆಯಿಲ್ಲ. ಬೇಲಿಗೂ ಎಲೆತೋಟಕ್ಕೂ ಕಲ್ಲುಕಂಬ ನೆಡುವ ನಾವು ಅಟ್ಟಣೆಗೆ ಮಾತ್ರ ಮರದ ಕಂಬವನ್ನು ಮಣ್ಣಿನಲ್ಲಿ ಹೂಳುವುದು ಏಕೆ? ಮಣ್ಣಿಗೆ ತಾಗಿದ ಸಿಲ್ವರ್ ಓಕ್ ಕಂಬ ಬಹುಕಾಲ ಬಾಳುವುದಿಲ್ಲ. ತೇಗ, ಮತ್ತಿ, ಹೊನ್ನೆಗಳ ಚೇಗು ಬಾಳೀತು, ಆದರೆ ಅಷ್ಟು ಬೆಲೆಯ ಮರವನ್ನು ಮಣ್ಣಿಗೆ ಹಾಕುವುದು ಸರಿಯಲ್ಲ. ಆದ್ದರಿಂದ ಕಂಬಕ್ಕೆ ಕಲ್ಲು ಎಂದೇ ಇಟ್ಟುಕೊಳ್ಳೋಣ.

ಕಂಬದ ಉದ್ದ ಹೀಗೆ: ಅಟ್ಟಣೆಯ ಮೇಲ್ಮೈ 30 ಇಂಚು ಎತ್ತರದಲ್ಲಿರಬೇಕು. ಹಲಗೆ 1 ಇಂಚು, ಜಂತೆ 4 ಇಂಚು, ತೊಲೆ 5 ಇಂಚು, ಒಟ್ಟು 10 ಇಂಚು ಕಳೆದರೆ ಕಲ್ಲು ನೆಲದ ಮೇಲೆ 20 ಇಂಚು ಇದ್ದರೆ ಸಾಕು. ನೆಲದೊಳಗೆ ಒಂದೂವರೆ ಅಡಿ ಸೇರಿಸಿದರೆ 3 ಅಡಿ 2 ಇಂಚು. ಇದನ್ನು ಎಣಿಸದೆ ನಾಲ್ಕೂವರೆ ಅಡಿಯ ಕಲ್ಲು ತಂದು ಆಮೇಲೆ ಒಡೆಸುವವರಿದ್ದಾರೆ. ಮೂರು ಸಾಲು, ಸಾಲಿಗೆ ಐದು, ಒಟ್ಟು 15 ಕಲ್ಲು. ಸಾಲಿಗೆ ಐದೇ ಏಕೆಂಬುದನ್ನು ತೊಲೆಯ ಲೆಕ್ಕದಲ್ಲಿ ನೋಡೋಣ. ಕಲ್ಲಿನ ಬದಲು 4 ಇಂಚು ಚೌಕದ ಮರವನ್ನೇ ಹಾಕುವವರು 5 ಘನ ಅಡಿಗೂ ಸ್ವಲ್ಪ ಮೇಲೆ ಸೇರಿಸಿಕೊಳ್ಳಬೇಕು.

ತೊಲೆ

ತೊಲೆ 16 ಅಡಿ ಉದ್ದಕ್ಕೆ ಹೋಗುತ್ತದೆ. ಎರಡು ಅಂಚಿಗೆ ಒಂದೊಂದು, ನಡುವೆ ಒಂದು, ಒಟ್ಟು ಮೂರು ಸಾಲು. ಸಾಲಿನಿಂದ ಸಾಲಿಗೆ 6 ಅಡಿ. ಹದಿನಾರಡಿಯ ನೇರ ತೊಲೆ ಸುಲಭವಾಗಿ ಸಿಗುವುದಿಲ್ಲ. ಸಿಕ್ಕರೂ ಸಾಗಿಸುವುದು ಕಷ್ಟ. 8 ಅಡಿಯ ಎರಡು ತುಂಡು ಸೇರಿಸಬೇಕು. ಆ ಸೇರುವ ಜಾಗ ಕಂಬದ ತಲೆಯ ಮೇಲೆಯೇ ಬರಬೇಕು. ಸಾಲಿಗೆ ನಾಲ್ಕು ಕಂಬ ನೆಟ್ಟರೆ ಕಂಬಗಳು 5 ಅಡಿ 4 ಇಂಚಿಗೊಂದು ಬರುತ್ತವೆ. 8ನೆಯ ಅಡಿಯಲ್ಲಿ ಕಂಬವಿರುವುದಿಲ್ಲ. ಐದು ನೆಟ್ಟರೆ 4 ಅಡಿಗೊಂದು ಬಂದು, ನಡುವಿನ ಕಂಬ ಸರಿಯಾಗಿ 8ನೆಯ ಅಡಿಯಲ್ಲಿ ನಿಲ್ಲುತ್ತದೆ. ಸಿಗುವ ಮರದ ಉದ್ದವನ್ನು ತಿಳಿದುಕೊಂಡು ಕಂಬದ ಗುಂಡಿ ತೋಡಬೇಕೇ ಹೊರತು, ಗುಂಡಿ ತೋಡಿದ ಮೇಲೆ ಮರ ಹುಡುಕಬಾರದು.

ಅಡ್ಡಳತೆ 5 ಇಂಚಿಗೆ 3 ಇಂಚು, 5 ಇಂಚಿನ ಬದಿ ನಿಂತಿರುವಂತೆ. 8 ಅಡಿಯ 6 ತುಂಡು, 48 ಓಟದ ಅಡಿ. ಘನ ಅಡಿ ಮಾಡಲು ಇಂಚಿನ ಅಗಲವನ್ನು ಇಂಚಿನ ದಪ್ಪದಿಂದ, ಆಮೇಲೆ ಅಡಿಯ ಉದ್ದದಿಂದ ಗುಣಿಸಿ 144ರಿಂದ ಭಾಗಿಸಬೇಕು. 5 × 3 × 48 = 720; 144ರಿಂದ ಭಾಗಿಸಿದರೆ 5 ಘನ ಅಡಿ.

ಜಂತೆ

ಜಂತೆಗಳು ತೊಲೆಗಳ ಮೇಲೆ 12 ಅಡಿ ಅಗಲಕ್ಕೆ ಅಡ್ಡಲಾಗಿ ಬರುತ್ತವೆ. ಒಂದಿಂಚು ಹಲಗೆಗೆ ಜಂತೆಯಿಂದ ಜಂತೆಗೆ 16 ಇಂಚು ಇರಲಿ. ಹೆಚ್ಚಾದರೆ ಹಲಗೆ ಕಾಲ ಕೆಳಗೆ ಬಾಗುತ್ತದೆ. 16 ಅಡಿ ಎಂದರೆ 192 ಇಂಚು. 16ರಿಂದ ಭಾಗಿಸಿದರೆ 12. ಆದರೆ 12 ಅಂತರಕ್ಕೆ ಬೇಕಾದದ್ದು 13 ಜಂತೆ. ಬೇಲಿ ಕಂಬ ನೆಟ್ಟವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೂ ಮರದ ಪಟ್ಟಿ ಬರೆಯುವಾಗ ಕೊನೆಯ ಒಂದು ಬಿಟ್ಟುಹೋಗುವುದು ಸಾಮಾನ್ಯ. ಅಡ್ಡಳತೆ 4 ಇಂಚಿಗೆ 2 ಇಂಚು. 13 ತುಂಡು, ತಲಾ 12 ಅಡಿ, 156 ಓಟದ ಅಡಿ, 8.67 ಘನ ಅಡಿ. ಹನ್ನೆರಡಡಿ ಸಿಗದೆ ಎರಡು ತುಂಡು ಹಾಕುವುದಾದರೆ ನಡುವಿನ ತೊಲೆಯ ಮೇಲೆ ಒಂದರ ಪಕ್ಕದಲ್ಲೊಂದು ಹಾದುಹೋಗುವಂತೆ ಆರೂವರೆ ಅಡಿಯ 26 ತುಂಡು ತರಬೇಕು. ಸರಿಯಾಗಿ ಆರಡಿ ತಂದರೆ ಸಾಲದು.

ಹಲಗೆ ಮತ್ತು ಕೀಸುಳಿ

ಹಲಗೆ 4 ಇಂಚು ಅಗಲ, 1 ಇಂಚು ದಪ್ಪ. 16 ಅಡಿ ಉದ್ದಕ್ಕೆ ಸಾಲಾಗಿ. ಹಲಗೆಯಿಂದ ಹಲಗೆಗೆ ಗಾಳಿಯಾಡಲು, ನೀರು ಇಳಿಯಲು ಕಾಲಿಂಚು ಸಂದು ಬಿಡಬೇಕು. ಅಡಿಕೆ ಆ ಸಂದಿನಲ್ಲಿ ಬೀಳುವುದಿಲ್ಲ. ಪಾರ್ಚ್‌ಮೆಂಟ್ ಕಾಫಿ ಒಣಗಿಸುವವರು ಮೇಲೆ ಬಲೆಯನ್ನೋ ಚಾಪೆಯನ್ನೋ ಹಾಸಿಕೊಳ್ಳತಕ್ಕದ್ದು.

ಇಲ್ಲಿ ಒಂದು ಮಾತು. ಸಾಮಿಲ್ಲಿನಲ್ಲಿ 4 ಇಂಚು ಎಂದು ಕೊಯ್ದ ಹಲಗೆಗೆ ನಾಲ್ಕೂ ಕಡೆ ಕೀಸುಳಿ ಹಾಕಿದ ಮೇಲೆ ಅದು 4 ಇಂಚು ಉಳಿಯುವುದಿಲ್ಲ. ಮುಕ್ಕಾಲು ಕಡಿಮೆ ನಾಲ್ಕಲ್ಲದಿದ್ದರೂ ಕಾಲು ಕಡಿಮೆ ನಾಲ್ಕಕ್ಕೆ ಇಳಿಯುತ್ತದೆ. ಗರಗಸದಿಂದ ಬಂದ ಹಾಗೆಯೇ ಹಾಕಿದರೆ ಒಂದು ಸಾಲಿಗೆ ಸಂದು ಸೇರಿ ನಾಲ್ಕೂಕಾಲು ಇಂಚು. 144 ಇಂಚು ಅಗಲಕ್ಕೆ 34 ಸಾಲು. ಕೀಸುಳಿ ಹಾಕಿದರೆ ಸಂದು ಸೇರಿ ಸರಿಯಾಗಿ 4 ಇಂಚು. 36 ಸಾಲು ಬೇಕು. ಬರಿಗಾಲಲ್ಲಿ ಓಡಾಡುವ, ಮಕ್ಕಳು ಮಲಗುವ ಜಾಗಕ್ಕೆ ಕೀಸುಳಿ ಬೇಕೇ ಬೇಕು. ಹಾಗಾಗಿ 36 ಸಾಲು, ತಲಾ 16 ಅಡಿ, 576 ಓಟದ ಅಡಿ. 16 ಘನ ಅಡಿ. ಸಂದು ಬಿಟ್ಟು ಉಳಿಸಿದ್ದನ್ನು ಕೀಸುಳಿ ತಿಂದುಬಿಟ್ಟಿತು. ಅದಕ್ಕೇ ಈ ಮೊತ್ತ ಚದರಡಿಯ ಲೆಕ್ಕಕ್ಕೆ ಸರಿಹೋಯಿತು. ಅಗಲ ಬೇರೆಯಾದರೆ ಹೀಗೆ ಸರಿಹೋಗುವುದಿಲ್ಲ.

ಹಲಗೆಯ ಉದ್ದವೂ ಮುಖ್ಯ. ಹಲಗೆಯ ತುದಿ ಜಂತೆಯ ಮೇಲೆಯೇ ಬರಬೇಕು. ಜಂತೆಗಳು 16 ಇಂಚಿಗೊಂದರಂತೆ ಇರುವುದರಿಂದ 8 ಅಡಿಯ ಹಲಗೆಯ ತುದಿ ಏಳನೆಯ ಜಂತೆಯ ಮೇಲೆ, 4 ಅಡಿಯದು ನಾಲ್ಕನೆಯ ಜಂತೆಯ ಮೇಲೆ ಸರಿಯಾಗಿ ಕೂರುತ್ತದೆ. ಒಂದು ಸಾಲಿಗೆ 8 ಮತ್ತು 8, ಮುಂದಿನ ಸಾಲಿಗೆ 4, 8, 4 ಎಂದು ಬದಲಿಸುತ್ತ ಹೋದರೆ ಸೇರುವೆಗಳೆಲ್ಲ ಒಂದೇ ಗೆರೆಯಲ್ಲಿ ಬರುವುದಿಲ್ಲ, ಒಂದು ಅಂಗುಲವೂ ವ್ಯರ್ಥವಾಗುವುದಿಲ್ಲ. 8 ಅಡಿಯ 72 ಹಲಗೆ ಸಾಕು. ದರ ಸ್ವಲ್ಪ ಇಳಿದಿದೆಯೆಂದು 7 ಅಡಿಯ ಹಲಗೆ ತಂದರೆ ನೋಡಿ: ತುದಿ ಜಂತೆಯ ಮೇಲೆ ಬರಲು ಪ್ರತಿಯೊಂದನ್ನೂ 6 ಅಡಿ 8 ಇಂಚಿಗೆ ಕತ್ತರಿಸಬೇಕು. ಸಾಲಿಗೆ ಅಂಥ ಎರಡು, ಜೊತೆಗೆ 2 ಅಡಿ 8 ಇಂಚಿನ ಒಂದು ತುಂಡು. ಒಂದು ಹಲಗೆಯಲ್ಲಿ ಆ ಸಣ್ಣ ತುಂಡು ಎರಡೇ ಬರುತ್ತವೆ. ಹೀಗೆ ಸಾಲಿಗೆ ಎರಡೂವರೆ ಹಲಗೆ, 36 ಸಾಲಿಗೆ 90 ಹಲಗೆ, 630 ಓಟದ ಅಡಿ. 576ರ ಜಾಗದಲ್ಲಿ 630, ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚು. ದರ ಅಷ್ಟು ಇಳಿದಿಲ್ಲವಾದರೆ ಅಗ್ಗದ ಹಲಗೆಯೇ ತುಟ್ಟಿ.

ಅಂಚುಪಟ್ಟಿ, ಮೊಳೆ

ಅಡಿಕೆ ಉರುಳಿ ಬೀಳದಂತೆ ಸುತ್ತಲೂ ಅಂಚುಪಟ್ಟಿ ಬೇಕು. ಸುತ್ತಳತೆ 56 ಅಡಿ, ಅದೇ 4 ಇಂಚಿಗೆ 1 ಇಂಚಿನ ಹಲಗೆ, 8 ಅಡಿಯ 7 ತುಂಡು, 1.56 ಘನ ಅಡಿ. ಮೊಳೆಗಳ ವಿಷಯ: 36 ಸಾಲು 13 ಜಂತೆಗಳನ್ನು 468 ಕಡೆ ಹಾಯುತ್ತದೆ, ಕಡೆಗೆ ಎರಡರಂತೆ 936. ಸೇರುವೆಗಳು 54, ಅಲ್ಲಿ ಇನ್ನೆರಡರಂತೆ 108. ಒಟ್ಟು 1,044 ಮೊಳೆ. ಅಂಗಡಿಯಲ್ಲಿ ಮೊಳೆಯನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ನೂರು ಗ್ರಾಮಿಗೆ ಎಷ್ಟೆಂದು ಎಣಿಸಿಕೊಂಡು ಕೊಳ್ಳಿ.

ಒಟ್ಟು ಮೊತ್ತ

ತೊಲೆ 5, ಜಂತೆ 8.67, ಹಲಗೆ 16, ಅಂಚುಪಟ್ಟಿ 1.56, ಒಟ್ಟು 31.23 ಘನ ಅಡಿ. ಕಣ್ಣಿಗೆ ಕಾಣುವ ಹಲಗೆ ಅರ್ಧ, ಉಳಿದ ಮರ ಇನ್ನರ್ಧ. ಕಲ್ಲಿನ ಬದಲು ಮರದ ಕಂಬವಾದರೆ ಹಲಗೆಯ ಪಾಲು ಅರ್ಧಕ್ಕಿಂತಲೂ ಕಡಿಮೆ.

ಇದಕ್ಕೆ ಎಷ್ಟು ಸೇರಿಸಬೇಕು? ಗಂಟು, ಸೀಳು, ತುದಿ ಬಿರುಕುಗಳಿಗಾಗಿ ಹಲಗೆಯಲ್ಲಿ ನೂರಕ್ಕೆ ಹತ್ತರಷ್ಟು ಹೆಚ್ಚಿರಬೇಕು. ಜಂತೆಯಲ್ಲಿ ಒಂದು ಹೆಚ್ಚಿದ್ದರೆ ಸಾಕು. ತೊಲೆಯನ್ನು ಒಂದೊಂದಾಗಿ ನೋಡಿ ಆರಿಸಿ ತರುವುದರಿಂದ ಹೆಚ್ಚು ಬೇಡ. ಆಗ ಸಾಮಿಲ್ಲಿಗೆ ಒಯ್ಯಬೇಕಾದ ಪಟ್ಟಿ ಹೀಗಾಗುತ್ತದೆ:

4 ಇಂಚು × 1 ಇಂಚು × 8 ಅಡಿ, 88 ತುಂಡು (ಹಲಗೆಗೆ 80, ಅಂಚಿಗೆ 8): 19.56 ಘನ ಅಡಿ.
4 ಇಂಚು × 2 ಇಂಚು × 12 ಅಡಿ, 14 ತುಂಡು: 9.33 ಘನ ಅಡಿ.
5 ಇಂಚು × 3 ಇಂಚು × 8 ಅಡಿ, 6 ತುಂಡು: 5 ಘನ ಅಡಿ.
ಒಟ್ಟು 33.89, ಎಂದರೆ 34 ಘನ ಅಡಿ.

ಹದಿನಾರು ಘನ ಅಡಿ ಎಂದುಕೊಂಡಿದ್ದವರಿಗೆ ಬೇಕಾದದ್ದು ಮೂವತ್ತನಾಲ್ಕು. ಸಾಮಿಲ್ಲಿನಲ್ಲಿ "34 ಘನ ಅಡಿ ಕೊಡಿ" ಎಂದು ಕೇಳಬೇಡಿ. ತುಂಡುಗಳ ಪಟ್ಟಿಯನ್ನು ಕೊಟ್ಟು, ಅದೇ ಪಟ್ಟಿಯಂತೆ ಎಣಿಸಿಕೊಳ್ಳಿ. ಮುಕ್ಕಾಲಿಂಚು ದಪ್ಪದ ಹಲಗೆಗೆ ಒಂದಿಂಚಿನ ಲೆಕ್ಕ ಬೀಳದಂತೆ ಅಳತೆಯ ಮಾತನ್ನು ಮೊದಲೇ ಆಡಿಕೊಳ್ಳಬೇಕು.

ತೋಟದ ಮರವಾದರೆ

ಸ್ವಂತ ತೋಟದ ಸಿಲ್ವರ್ ಓಕ್ ಕೊಯ್ಯಿಸುವವರು ದಿಮ್ಮಿಯಿಂದ ಎಷ್ಟು ಹಲಗೆ ಬರುತ್ತದೆ ಎಂದು ತಿಳಿದಿರಬೇಕು. ವ್ಯಾಪಾರದಲ್ಲಿ ದಿಮ್ಮಿಯನ್ನು ಕಾಲು ಸುತ್ತಳತೆಯ ಕ್ರಮದಲ್ಲಿ ಅಳೆಯುವ ರೂಢಿ ಇದೆ. ಇದಕ್ಕೆ ಹಾಪ್ಪಸ್ ಅಳತೆ ಎಂಬ ಹೆಸರು. 1736ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹಾಪ್ಪಸ್ ಎಂಬಾತ ಪ್ರಕಟಿಸಿದ ಕೋಷ್ಟಕದಿಂದ ಬಂದದ್ದು. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು. ಸುತ್ತಳತೆ 48 ಇಂಚು, ಉದ್ದ 12 ಅಡಿಯಾದರೆ, ಕಾಲು ಭಾಗ ಒಂದಡಿ. ಒಂದಕ್ಕೊಂದು ಗುಣಿಸಿ ಹನ್ನೆರಡರಿಂದ ಗುಣಿಸಿದರೆ 12 ಘನ ಅಡಿ. ಆದರೆ ಆ ದಿಮ್ಮಿಯಲ್ಲಿ ನಿಜವಾಗಿ ಇರುವ ಮರ 15.28 ಘನ ಅಡಿ. ಕೊಯ್ಲಿನಲ್ಲಿ ಹೋಗುವ ಒಂದು ಪಾಲನ್ನು ಈ ಅಳತೆ ಮೊದಲೇ ಕಳೆದುಬಿಡುತ್ತದೆ.

ಗರಗಸದ ಹೊಟ್ಟು, ಹೊರ ಸೀಳು, ಬಿರುಕು ಹೋಗಿ ನಿಜವಾದ ಘನ ಅಡಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೈಗೆ ಬರುತ್ತದೆಂದು ಇಟ್ಟುಕೊಳ್ಳಬಹುದು. ನೂರಕ್ಕೆ 55 ಎಂದರೆ ಮೇಲಿನ ದಿಮ್ಮಿಯಿಂದ 8.4 ಘನ ಅಡಿ. ನಮಗೆ ಬೇಕಾದ 34ಕ್ಕೆ ಇಂಥ ನಾಲ್ಕು ದಿಮ್ಮಿ ಬೇಕು. ಹಾಪ್ಪಸ್ ಅಳತೆಯ 12ರಂತೆ ಮೂರು ದಿಮ್ಮಿಗೆ 36 ಬಂತು, ಸಾಕು ಎಂದುಕೊಂಡವರಿಗೆ ಒಂದು ದಿಮ್ಮಿ ಸಾಲದೆ ಹೋಗುತ್ತದೆ. ದಿಮ್ಮಿ 12 ಅಡಿಯದಾದರೆ ಜಂತೆ ಪೂರ್ತಿ ಉದ್ದಕ್ಕೆ ಸಿಗುತ್ತದೆ. ಹಲಗೆ 8 ಮತ್ತು 4 ಅಡಿಯಾಗಿ ಒಡೆದು ನಮ್ಮ ಸಾಲಿಗೆ ಹೊಂದುತ್ತದೆ.

ನಿಂತ ಮರವನ್ನು ಎದೆಮಟ್ಟದಲ್ಲಿ ಅಳೆದು ದಿಮ್ಮಿಯ ಲೆಕ್ಕ ಮಾಡಬೇಡಿ. ಮೇಲೆ ಹೋದಂತೆ ಮರ ಸಣ್ಣದಾಗುತ್ತದೆ, ತೊಗಟೆಯ ದಪ್ಪವೂ ಅದರಲ್ಲಿ ಸೇರಿರುತ್ತದೆ. ಒಂದು ಮರದಲ್ಲಿ ಬುಡದ ದಿಮ್ಮಿಯೊಂದೇ ಒಳ್ಳೆಯ ದಪ್ಪಕ್ಕೆ ಬರುವುದು ಹೆಚ್ಚು. ಅಂದಾಜಿಲ್ಲದೆ ಒಂದು ಮರ ಹೆಚ್ಚಾಗಿ ಕಡಿಸಿದರೆ ಹೋಗುವುದು ಮರವೊಂದೇ ಅಲ್ಲ. ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಹೋಗುತ್ತದೆ, ಕೆಳಗಿನ ಕಾಫಿಗೆ ನೆರಳು ಹೋಗುತ್ತದೆ.

ಮರ ಮಾರುವಾಗಲೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಂದು ಘನ ಮೀಟರು ಎಂದರೆ ನಿಜವಾದ 35.3 ಘನ ಅಡಿ. ಹಾಪ್ಪಸ್ ಅಳತೆಯಲ್ಲಿ ಅದೇ ಮರ 27.7 ಘನ ಅಡಿ. ದರ ಯಾವ ಅಳತೆಗೆ ಎಂದು ಕೇಳದೆ ಒಪ್ಪಿಕೊಂಡರೆ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ವ್ಯತ್ಯಾಸ ಬೀಳಬಹುದು. ರೂಢಿಯ ಅಳತೆಯಲ್ಲಿ ಮೋಸವಿಲ್ಲ. ಒಂದು ಅಳತೆಯಲ್ಲಿ ಅಳೆದು ಇನ್ನೊಂದರ ದರ ಹಾಕಿದಾಗ ನಷ್ಟ.

ದಬ್ಬೆಯಿಂದ ಅರ್ಧ ಉಳಿತಾಯ

ಅಡಿಕೆ ಬೆಳೆಗಾರರಾದ ನಮಗೆ ಇನ್ನೊಂದು ದಾರಿಯಿದೆ. ಮಲೆನಾಡಿನವರು ಅಟ್ಟದ ಮೇಲ್ಭಾಗಕ್ಕೆ ಹಲಗೆ ಹಾಕುವುದಿಲ್ಲ. ಹಳೆಯ ಅಡಿಕೆ ಮರವನ್ನು ಸೀಳಿ, ಒಳಗಿನ ಮೆದುಭಾಗ ತೆಗೆದು, ದಬ್ಬೆ ಮಾಡಿ ಹಾಸುತ್ತಾರೆ. 2 ಇಂಚು ಅಗಲದ ದಬ್ಬೆಗೆ ಕಾಲಿಂಚು ಸಂದು ಸೇರಿಸಿದರೆ 12 ಅಡಿ ಅಗಲಕ್ಕೆ 64 ಸಾಲು. ತಲಾ 16 ಅಡಿಯಂತೆ 1,024 ಓಟದ ಅಡಿ. ಒಂದು ಮರದಲ್ಲಿ ಉಪಯೋಗಕ್ಕೆ ಬರುವ 24 ಅಡಿಯನ್ನು 8 ಅಡಿಯ ಮೂರು ತುಂಡು ಮಾಡಿ, ಪ್ರತಿ ತುಂಡಿನಿಂದ 6 ದಬ್ಬೆ ತೆಗೆದರೆ 144 ಓಟದ ಅಡಿ. 8 ಮರ ಸಾಕು. ಒಡಕಿಗಾಗಿ ಇನ್ನೊಂದು ಸೇರಿಸಿ 9 ಎನ್ನಿ. ನಿಮ್ಮ ಮರದ ದಪ್ಪ ಬೇರೆಯಾದರೆ ಮೊದಲು ಒಂದು ಮರ ಸೀಳಿ ನೋಡಿ ಲೆಕ್ಕ ತಿದ್ದಿಕೊಳ್ಳಿ.

ಆಗ ಕೊಯ್ಯಿಸಬೇಕಾದ ಮರ ತೊಲೆ, ಜಂತೆ, ಅಂಚುಪಟ್ಟಿಗೆ ಮಾತ್ರ, ಸುಮಾರು 16 ಘನ ಅಡಿ. ನಾಲ್ಕು ದಿಮ್ಮಿಯ ಜಾಗದಲ್ಲಿ ಎರಡು ಸಾಕು. ಮರುನಾಟಿಗಾಗಿ ಹೇಗೂ ತೆಗೆಯುವ ಮುದಿ ಅಡಿಕೆ ಮರ ಹೀಗೆ ಕೆಲಸಕ್ಕೆ ಬರುತ್ತದೆ. ದಬ್ಬೆ ಹಲಗೆಯಷ್ಟು ಬಾಳುವುದಿಲ್ಲವೆಂಬುದು ನಿಜ. ಮಳೆಗಾಲದಲ್ಲಿ ಬಿಚ್ಚಿ ಕೊಟ್ಟಿಗೆಯಲ್ಲಿಟ್ಟರೆ ಬಾಳಿಕೆ ಹೆಚ್ಚು. ಮುರಿದದ್ದನ್ನು ಮನೆಯಲ್ಲೇ ಬದಲಿಸಬಹುದು.

ಕಾಯಿದೆಯ ಮಾತು

ಸ್ವಂತ ಜಮೀನಿನ ಮರವಾದರೂ ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯನ್ನು ನೆನಪಿಡಬೇಕು. ಸಿಲ್ವರ್ ಓಕ್, ಸರ್ವೆ, ನೀಲಗಿರಿ, ತೆಂಗು, ಸುಬಾಬುಲ್ ಮುಂತಾದವುಗಳಿಗೆ ಕಡಿಯುವ ಅನುಮತಿಯಿಂದ ವಿನಾಯಿತಿಯಿದೆ. ತೇಗ, ಮತ್ತಿ, ಹೊನ್ನೆ ಇಂಥವುಗಳಿಗೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಗಳ ಅನುಮತಿ ಬೇಕು. ಯಾವ ಮರವಾದರೂ ಸಾಗಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶ ಬಂದ ಮೇಲೆ ಸಾಮಿಲ್ಲುಗಳ ಮೇಲೆ ಬಿಗಿ ಹೆಚ್ಚಿದೆ. ಪರವಾನಗಿಯಿರುವ ಮಿಲ್ಲಿನಲ್ಲಿಯೇ ಕೊಯ್ಯಿಸಿ, ರಸೀತಿ ಇಟ್ಟುಕೊಳ್ಳಿ.

ಹಸಿ ಮರ, ಎಣ್ಣೆ

ಹಸಿ ಹಲಗೆ ಒಣಗಿದಂತೆ ಅಗಲದಲ್ಲಿ ಕುಗ್ಗುತ್ತದೆ. ಹಸಿಯಲ್ಲಿಯೇ ಕಾಲಿಂಚು ಸಂದು ಬಿಟ್ಟು ಹೊಡೆದರೆ ಬೇಸಗೆಯ ಹೊತ್ತಿಗೆ ಸಂದು ಹಿಗ್ಗಿ ಸಣ್ಣ ಅಡಿಕೆ ಸಿಕ್ಕಿಕೊಳ್ಳುತ್ತದೆ. ಸುಗ್ಗಿ ಮುಗಿದ ಮೇಲೆ ಫೆಬ್ರವರಿಯಲ್ಲಿ ಮರ ಕೊಯ್ಯಿಸಿ, ಹಲಗೆಗಳ ನಡುವೆ ರೀಪು ಇಟ್ಟು ನೆರಳಿನಲ್ಲಿ ಪೇರಿಸಿ, ಮೂರು ನಾಲ್ಕು ತಿಂಗಳು ಗಾಳಿಗೆ ಬಿಟ್ಟು ಆಮೇಲೆ ಕೀಸುಳಿ ಹಾಕಿಸುವುದು ಸರಿಯಾದ ಕ್ರಮ. ಗೆದ್ದಲಿಗೆ ಹೆದರಿ ಹಲಗೆಯ ಮೇಲೆ ಗಾಡಿಯ ಕರಿ ಎಣ್ಣೆಯನ್ನಾಗಲಿ ಕೀಟನಾಶಕವನ್ನಾಗಲಿ ಬಳಿಯಕೂಡದು. ಬಾಯಿಗೆ ಹೋಗುವ ಪದಾರ್ಥ ಅದರ ಮೇಲೆ ಒಣಗಬೇಕು. ಕಾಫಿಯಂತೂ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಕಲ್ಲುಕಂಬವಿರುವಾಗ ಗೆದ್ದಲಿನ ಮಣ್ಣುಗೆರೆ ಹತ್ತುವುದು ಕಣ್ಣಿಗೆ ಕಾಣುತ್ತದೆ. ವಾರಕ್ಕೊಮ್ಮೆ ಪೊರಕೆಯಿಂದ ಬಳಿದು ತೆಗೆದರಾಯಿತು.

ಮರದ ದರವನ್ನು ನಾವಿಲ್ಲಿ ಬರೆದಿಲ್ಲ. ಅದು ಊರಿನಿಂದ ಊರಿಗೆ, ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತದೆ. ತುಂಡಿನ ಪಟ್ಟಿ ಕೈಯಲ್ಲಿದ್ದರೆ ಎರಡು ಮೂರು ಕಡೆ ತೋರಿಸಿ ದರ ಕೇಳಬಹುದು. ಅಟ್ಟಣೆ ಹಾಕಿಸುವ ಯೋಚನೆಯಿರುವ ಸದಸ್ಯರು ಉದ್ದ, ಅಗಲ, ಎತ್ತರ, ಸಿಗುವ ಮರದ ಜಾತಿ ಮತ್ತು ಉದ್ದ, ಈ ಐದನ್ನು ಒಂದು ಕಾಗದದ ಮೇಲೆ ಬರೆದು ಕಚೇರಿಗೆ ತಂದರೆ ಕುಳಿತು ಪಟ್ಟಿ ಮಾಡಿಕೊಡಲು ನಾವು ಸಿದ್ಧರಿದ್ದೇವೆ. ಕೊಡಲಿ ಹಾಕಿಸಿದ ಮೇಲೆ ಬರಬೇಡಿ, ಮೊದಲೇ ಬನ್ನಿ.